ನೀರು ಹದಕ್ಕೆ ಬರುವ ತನಕ

ಶಟರನ್ನು ಸೊಂಟದೆತ್ತರಕ್ಕಷ್ಟೇ ಎತ್ತಿ, ಬಗ್ಗಿ ಒಳಗೆ ನುಸುಳುತ್ತಾರೆ ಮೀನಕ್ಕ. ಬೀದಿಯಲ್ಲಿ ಹಾಲಿನ ಗಾಡಿ ಬಿಟ್ಟರೆ ಇನ್ನೂ ಏನೂ ಓಡಾಡುತ್ತಿಲ್ಲ. ಸಾಕುಮೀನಿನ ಅಂಗಡಿಯೊಳಗೆ ಕತ್ತಲು, ಆ ಕತ್ತಲ ತುಂಬ ಗಾಳಿ ಪಂಪುಗಳ ಗುರುಗುರು ಸದ್ದು. ದೀಪ ಹಾಕುವ ಮೊದಲು ಅವರು ಸುಮ್ಮನೆ ನಿಂತು ಕಿವಿಗೊಡುತ್ತಾರೆ. ರಾತ್ರಿ ಯಾವುದಾದರೂ ಪಂಪು ಕೈಕೊಟ್ಟಿದ್ದರೆ ಆ ಮೂಲೆಯ ಸದ್ದು ತೆಳ್ಳಗಾಗಿರುತ್ತದಂತೆ. ಇವತ್ತು ಎಲ್ಲ ಮೂಲೆಯೂ ಸರಿಯಾಗಿದೆ. ಆಮೇಲೆ ಒಂದು ದೀಪ ಹಾಕುತ್ತಾರೆ, ಸ್ವಲ್ಪ ತಡೆದು ಇನ್ನೊಂದು.

"ಎಲ್ಲಾ ಲೈಟ್ ಒಟ್ಟಿಗೆ ಹಾಕಿದ್ರೆ ಬೆಚ್ಚಿಬಿದ್ದು ಗಾಜಿಗೆ ಮೂತಿ ಹೊಡ್ಕೋತಾವೆ. ನಿದ್ದೇಲಿದ್ದಾಗ ಯಾರಾದ್ರೂ ನಿಮ್ಮ ಮುಖಕ್ಕೆ ಟಾರ್ಚ್ ಬಿಟ್ರೆ ಹೇಗಿರುತ್ತೆ? ಹಾಗೇ," ಎನ್ನುತ್ತಾ ಬಲೆ ಕೈಗೆತ್ತಿಕೊಳ್ಳುತ್ತಾರೆ. ಸತ್ತ ಮೀನುಗಳನ್ನು ಮೊದಲು ತೆಗೆಯಬೇಕು. ಹಾಗೇ ಬಿಟ್ಟರೆ ನೀರು ಕೆಡುತ್ತದೆ, ನೀರು ಕೆಟ್ಟರೆ ಮಿಕ್ಕವೂ ಹೋಗುತ್ತವೆ. ಗೋಡೆಯುದ್ದಕ್ಕೂ ಮೂರು ಸಾಲಾಗಿ ಜೋಡಿಸಿರುವ ಗಾಜಿನ ತೊಟ್ಟಿಗಳ ಮುಂದೆ ಒಂದೊಂದಾಗಿ ನಿಂತು, ಗಿಡದ ಹಿಂದೆ, ಕಲ್ಲಿನ ಸಂದಿಯಲ್ಲಿ ಇಣುಕುತ್ತಾರೆ. ಸಿಕ್ಕಿದ್ದನ್ನು ಹಳೇ ಪೇಪರಿನಲ್ಲಿ ಸುತ್ತಿಡುತ್ತಾರೆ. ಇವತ್ತು ಕಡಿಮೆ. ಹೊಸ ಮೀನು ಬಂದ ಮಾರನೇ ದಿನವಾದರೆ ಪೇಪರ್ ಸಾಲದು.

ಆಮೇಲೆ ಪೈಪು, ಬಕೆಟ್ಟು, ಪಾಚಿ ಉಜ್ಜುವ ಬ್ರಷ್ಷು. ಪೈಪಿನ ಒಂದು ತುದಿ ನೀರಿಗಿಳಿಸಿ ಇನ್ನೊಂದು ತುದಿಗೆ ಬಾಯಿಟ್ಟು ಎಳೆದರೆ ತಳದ ಹೊಲಸು ನೀರು ಬಕೆಟ್ಟಿಗೆ ಇಳಿಯುತ್ತದೆ. ನೀರು ತುಟಿ ತಲುಪುವ ಮೊದಲೇ ಪೈಪು ಕೆಳಗೆ ಬಿಡುವುದರಲ್ಲಿದೆ ಚಾಲಾಕಿ. "ಕಲಿಯೋವಾಗ ಎಷ್ಟು ಕುಡಿದಿದೀನೋ ಲೆಕ್ಕ ಇಲ್ಲ. ನಾನೂ ಅರ್ಧ ಮೀನೇ ಈಗ," ಎಂದು ನಗುತ್ತಾರೆ. ಅವರ ಬೆರಳ ತುದಿಗಳು ಯಾವಾಗಲೂ ಸುಕ್ಕುಗಟ್ಟಿರುತ್ತವೆ. ಉಗುರಿನ ಬುಡದಲ್ಲಿ ಚರ್ಮ ಸುಲಿದಿದೆ. ಮಾಲೀಕರು ಬಂದು ಗಲ್ಲಾದ ಮುಂದೆ ಕೂರುವ ಹೊತ್ತಿಗೆ ಎಲ್ಲ ತೊಟ್ಟಿಗಳೂ ಆಗತಾನೆ ಒರೆಸಿದ ಕನ್ನಡಕದ ಹಾಗೆ ಹೊಳೆಯುತ್ತಿರುತ್ತವೆ. ಗಿರಾಕಿಗಳು ಮಾಲೀಕರನ್ನು ಹೊಗಳಿ, ಮೀನು ಕೊಂಡು ಹೋಗುತ್ತಾರೆ.

ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ. 'ಮೀನಿನಂಗಡಿ ಅಕ್ಕ' ಎಂದು ಕರೆಯುತ್ತಿದ್ದದ್ದು ಬಾಯಿಂದ ಬಾಯಿಗೆ ಸವೆದು 'ಮೀನಕ್ಕ' ಆಯಿತು. "ನಮ್ಮನೆಯವರೂ ಒಂದೊಂದ್ಸಲ ಮರೆತು ಮೀನಕ್ಕ ಅಂದ್ಬಿಡ್ತಾರೆ. ಹೆಂಡ್ತೀನ ಅಕ್ಕ ಅಂದ್ನಲ್ಲ ಅಂತ ಆಮೇಲೆ ನಾಲಗೆ ಕಚ್ಕೋತಾರೆ!"

ಬೆಳಗಿನ ಕೆಲಸ ಅಂಗಡಿಯದು, ಮಧ್ಯಾಹ್ನದ ಕೆಲಸ ಮನೆಮನೆಯದು. ಹೊಸದಾಗಿ ಮೀನು ಸಾಕುವ ಆಸೆ ಹುಟ್ಟಿದವರು ಮೀನಕ್ಕನನ್ನು ಕರೆಸುತ್ತಾರೆ. ತೊಟ್ಟಿ ಎಲ್ಲಿಡಬೇಕು ಎನ್ನುವುದರಿಂದ ಪಾಠ ಶುರು. ಕಿಟಕಿ ಪಕ್ಕ ಬೇಡ, ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಅಲ್ಲಾಡುವ ಮೇಜು ಬೇಡ, ತುಂಬಿದ ತೊಟ್ಟಿ ಆಳಿನಷ್ಟು ಭಾರ. ಸೋಪು ಹತ್ತಿರ ಸುಳಿಯಬಾರದು. ಇಷ್ಟನ್ನೂ ಜನ ಕೇಳುತ್ತಾರೆ. ಕೇಳದಿರುವುದು ಒಂದೇ ಮಾತು, ಕಾಯಬೇಕು ಎನ್ನುವ ಮಾತು. "ಬೆಳಿಗ್ಗೆ ಟ್ಯಾಂಕ್ ಬೇಕು, ಸಂಜೆ ಮೀನು ಬೇಕು. ವಾರದೊಳಗೆ ಫೋನ್ ಬರುತ್ತೆ, 'ಮೀನಕ್ಕ, ಎಲ್ಲಾ ತೇಲ್ತಾ ಇದಾವೆ' ಅಂತ."

ಈ ಕಾಯುವ ವಿಷಯ ಬಂದರೆ ಮೀನಕ್ಕ ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಾರೆ. "ನಮ್ಮ ಮಾವನ ವಿಷಯ ಹೇಳ್ಬೇಕು ನಿಮಗೆ," ಎನ್ನುತ್ತಾರೆ.

ಮಾವ ರೋಡ್ ರೋಲರ್ ಓಡಿಸುತ್ತಿದ್ದವರು. ಊರಿನ ಅರ್ಧ ರಸ್ತೆಗಳು ತಮ್ಮ ಚಕ್ರದ ಕೆಳಗೆ ಹುಟ್ಟಿದವು ಎಂಬ ಗತ್ತು. ಮನೆಯಲ್ಲಿ ಅವರ ಮಾತಿಗೆ ಎದುರು ಮಾತಿರಲಿಲ್ಲ. ಮೀನಕ್ಕನ ಗಂಡ ಫ್ರಿಜ್ ರಿಪೇರಿ ಮಾಡುವವರು. ಒಮ್ಮೆ ಗಿರಾಕಿಯ ಮನೆಯ ಮೆಟ್ಟಿಲ ಮೇಲೆ ಭಾರ ಎತ್ತಿ ಇಳಿಸುವಾಗ ಜಾರಿಬಿದ್ದು ಬೆನ್ನು ಹಿಡಿದು ಮಲಗಿದರು. ಒಲೆ ಉರಿಯಬೇಕಲ್ಲ, ಸೊಸೆ ಮೀನಿನಂಗಡಿಗೆ ಕೆಲಸಕ್ಕೆ ಸೇರಿದಳು. ಮೊದಲ ದಿನ ಸಂಜೆ ಪಾಚಿ ವಾಸನೆ ಹೊತ್ತು ಮನೆಗೆ ಬಂದಾಗ ಮಾವ ಬಾಗಿಲಲ್ಲೇ ಕೂತಿದ್ದರು.

"ಕಂಡೋರ ಮೀನಿನ ಹೇಲು ತೊಳೆಯೋಕೆ ನನ್ನ ಸೊಸೆ ಹೋಗ್ಬೇಕಾ?" ಎಂದರು. ಅದೇ ಕೊನೆ. ಆಮೇಲೆ ಸೊಸೆಯ ಜೊತೆ ಮಾತು ಬಿಟ್ಟರು.

ಮಾತು ಬಿಟ್ಟರೂ ಒಂದೇ ಸೂರಿನ ಕೆಳಗೆ ಬದುಕಬೇಕು. ಮಾವ ತಮ್ಮ ಮಾತನ್ನು ಗೋಡೆಗೆ ಹೇಳತೊಡಗಿದರು. 'ಹಸಿವಾಗ್ತಿದೆ' ಎಂದು ಗೋಡೆಗೆ, 'ಬಿಸಿನೀರು ಕಾದಿದೆಯೋ ಇಲ್ವೋ' ಎಂದು ಬಾಗಿಲಿಗೆ. "ಗೋಡೆ ಉತ್ತರ ಕೊಡಲ್ಲ ಅಲ್ವಾ, ನಾನೇ ಕೊಡ್ತಿದ್ದೆ. ಅದನ್ನ ಅವರು ಗೋಡೆಯಿಂದ ಕೇಳಿಸ್ಕೊಂಡೋರ ಹಾಗೆ ತಲೆ ಆಡಿಸೋರು." ಈಗ ಹೇಳುವಾಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ಗಂಡನ ಬೆನ್ನು ಸರಿಹೋಗಿ ಅವರು ಕೆಲಸಕ್ಕೆ ಮರಳಿದರು. ಮೀನಕ್ಕ ಮಾತ್ರ ಅಂಗಡಿ ಬಿಡಲಿಲ್ಲ. ಅಷ್ಟರಲ್ಲಿ ಆ ಕೆಲಸ ಅವರಿಗೆ ಹಿಡಿಸಿಬಿಟ್ಟಿತ್ತು. ಮಾವನ ಪಟ್ಟೂ ಸಡಿಲವಾಗಲಿಲ್ಲ. ವರ್ಷಗಳೇ ಹೀಗೆ ಕಳೆದವು.

ಡಾಂಬರಿನ ಹೊಗೆ ಕುಡಿದ ಎದೆ ಕೊನೆಗೆ ಸೋತಿತು. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. ನಡುಮನೆಯ ಮಂಚವೇ ಮಾವನ ಲೋಕವಾಯಿತು. ಮಂಚದಿಂದ ಕಾಣುವುದು ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಬೋಳು ಗೋಡೆ. ಎರಡು ವರ್ಷದ ಹಿಂದೆ ಒಂದು ಸಂಜೆ ಮೀನಕ್ಕ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದರು.

"ಏನಮ್ಮ, ನಮ್ಮನೇಲೂ ಒಂದು ಇಡೋಕಾಗಲ್ವಾ?" ಎಂಬ ದನಿ ಬಂತು.

"ಯಾರಿಗೆ ಹೇಳ್ತಿದಾರೆ ಅಂತ ಹಿಂದೆ ತಿರುಗಿ ನೋಡ್ದೆ. ಯಾರೂ ಇರ್ಲಿಲ್ಲ. ನನ್ನ ಮುಖ ನೋಡ್ಕೊಂಡೇ ಹೇಳಿದ್ರು. 'ಏನು ಮಾವ?' ಅಂದೆ. 'ಅದೇ, ಮೀನಿಂದು' ಅಂದ್ರು. ನಂಗೆ ಕಣ್ಣು ತುಂಬ್ಕೊಂಡ್ಬಿಡ್ತು. ಮುಖ ತೊಳೀತೀನಿ ಅಂತ ಒಳಗೆ ಹೋದೆ."

ಅಂಗಡಿಯಲ್ಲಿ ಮೂಲೆ ಸೇರಿದ್ದ ಒಂದು ಪುಟ್ಟ ತೊಟ್ಟಿಯನ್ನು ಮಾಲೀಕರನ್ನು ಕೇಳಿ ತಂದರು. ಮಂಚದೆದುರು ಗಟ್ಟಿ ಸ್ಟೂಲು, ಅದರ ಮೇಲೆ ತೆಳು ಥರ್ಮೋಕೋಲ್, ಅದರ ಮೇಲೆ ತೊಟ್ಟಿ. ಮಾವ ಒಂದು ಕಣ್ಣು ಮುಚ್ಚಿ ನೋಡಿ, "ಎಡಗಡೆ ಒಂದು ನೂಲಿನಷ್ಟು ಇಳಿದಿದೆ," ಎಂದರು. ಸ್ಟೂಲಿನ ಕಾಲ ಕೆಳಗೆ ರಟ್ಟು ಸಿಕ್ಕಿಸಿದ ಮೇಲೆಯೇ ಸಮಾಧಾನ. ತಳಕ್ಕೆ ಹಾಸುವ ಸಣ್ಣ ಕಲ್ಲುಗಳನ್ನು ಬೇಸಿನ್ನಿನಲ್ಲಿ ಹಾಕಿ ಅವರ ತೊಡೆಯ ಮೇಲಿಟ್ಟರೆ ಅಕ್ಕಿ ತೊಳೆದ ಹಾಗೆ ತೊಳೆದರು. ಮೀನಕ್ಕ ನೀರು ಬದಲಿಸುವುದು, ಮಾವ ಉಜ್ಜುವುದು. ನಡುನಡುವೆ ದಮ್ಮು ಕಟ್ಟಿದಾಗ ನಿಲ್ಲಿಸುವುದು. ನೀರು ತಿಳಿಯಾಗಿ ಇಳಿಯುವ ತನಕ ಬಿಡಲಿಲ್ಲ. "ಜಲ್ಲಿ ತೊಳೆದು ರೋಡ್ ಹಾಕಿದ್ರೆ ಇನ್ನೂ ಬಾಳಿಕೆ ಬರ್ತಿತ್ತೋ ಏನೋ," ಎಂದು ತಾವೇ ನಕ್ಕರು. ಕಲ್ಲು ಹಾಸಿ, ಅದರ ಮೇಲೊಂದು ತಟ್ಟೆಯಿಟ್ಟು, ನೀರನ್ನು ತಟ್ಟೆಯ ಮೇಲೆ ನಿಧಾನ ಸುರಿಯಲು ಸೊಸೆ ಕಲಿಸಿದಳು. ಹಾಗೆ ಮಾಡಿದರೆ ಕಲ್ಲು ಕದಡುವುದಿಲ್ಲ. ಗಿಡ ನೆಟ್ಟದ್ದು ಮಾವನೇ. ನೀರು ಸೋಸುವ ಸ್ಪಂಜಿನ ಫಿಲ್ಟರು ಗುಳುಗುಳು ಎನ್ನತೊಡಗಿದಾಗ ದಿಂಬಿಗೊರಗಿ ಕೂತು ಕೇಳಿದರು, "ಮೀನೆಲ್ಲಿ?"

"ಈಗಲೇ ಬಿಡಂಗಿಲ್ಲ ಮಾವ. ನೀರು ಹದಕ್ಕೆ ಬರ್ಬೇಕು."

"ನೀರಿಗೇನು ಹದ?"

ಸೊಸೆ ವಿವರಿಸಿದಳು. ಮೀನಿನ ಹೊಲಸು ಹೊಸ ನೀರಿನಲ್ಲಿ ವಿಷವಾಗುತ್ತದೆ. ಆ ವಿಷ ತಿಂದು ಬದುಕುವ, ಕಣ್ಣಿಗೆ ಕಾಣದ ಜೀವಿಗಳು ಸ್ಪಂಜಿನಲ್ಲಿ ಹುಟ್ಟಿ ಬೆಳೆಯಬೇಕು. ಅದಕ್ಕೆ ತಿಂಗಳು ಹಿಡಿಯಬಹುದು, ಮೇಲೂ ಆಗಬಹುದು. ಅಲ್ಲಿಯ ತನಕ ಮೀನಿಲ್ಲದಿದ್ದರೂ ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತಿರಬೇಕು. ಅದು ಕೊಳೆತರೆ ಅವಕ್ಕೆ ಊಟ. ಮಾವ ಯೋಚಿಸಿ ತಲೆದೂಗಿದರು. "ಸರಿ ಬಿಡು. ಈಗಲೇ ಮೀನು ಬಿಟ್ರೆ ಹೊಸ ಡಾಂಬರಿನ ಮೇಲೆ ಗಾಡಿ ಬಿಟ್ಟಂಗೆ ಆಗುತ್ತೆ."

ಅಂದಿನಿಂದ ಇಲ್ಲದ ಮೀನಿಗೆ ಊಟ ಹಾಕುವುದು ಅವರ ಬೆಳಗಿನ ಕೆಲಸವಾಯಿತು. ನೀರು ಹಾಲಿನಂತೆ ಮಂಕಾದ ದಿನ ಗಾಬರಿಯಿಂದ ಅಂಗಡಿಗೇ ಫೋನು ಮಾಡಿದರು. ಅದು ಒಳ್ಳೇ ಲಕ್ಷಣ, ತಾನಾಗಿ ತಿಳಿಯಾಗುತ್ತದೆ ಎಂದಾಗ, "ಹಾಗಂತ ಮೊದಲೇ ಹೇಳೋಕೇನು ಟೀಚರಮ್ಮ, ನನ್ನ ಎದೆ ಒಡೀತಿತ್ತಲ್ಲ," ಎಂದು ಗದರಿದರು. ಬಂದವರೆಲ್ಲ ಖಾಲಿ ತೊಟ್ಟಿ ನೋಡಿ ತಮಾಷೆ ಮಾಡಿದರೆ, "ನಿಮಗೇನು ಗೊತ್ತಾಗುತ್ತೆ, ನಮ್ಮ ಸೊಸೇನ ಕೇಳಿ," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆದರೆ ಎದೆ ದಿನದಿನಕ್ಕೂ ಬಿಗಿಯುತ್ತಿತ್ತು. ಒಂದು ಸಂಜೆ ಮೆಲ್ಲಗೆ ಕೇಳಿದರು, "ಒಂದೇ ಒಂದು ಮೀನು ಬಿಟ್ರೆ ಏನಾಗುತ್ತಮ್ಮ? ಚಿಕ್ಕದು. ಓಡಾಡೋದು ನೋಡ್ತೀನಿ ಅಷ್ಟೇ."

ಇಲ್ಲಿಗೆ ಬಂದಾಗ ಮೀನಕ್ಕ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ ಸ್ಟೂಲಿನ ಮೇಲೆ ಕೂರುತ್ತಾರೆ.

"ನಾನು ಏನಂದೆ ಗೊತ್ತಾ? 'ನಾನು ಇಷ್ಟು ವರ್ಷ ಕಾದಿಲ್ವಾ ಮಾವ, ನೀವೂ ಸ್ವಲ್ಪ ಕಾಯಿರಿ' ಅಂದೆ. ನಗ್ತಾನೇ ಅಂದೆ. ಆದ್ರೆ ನಗು ಅಲ್ಲ ಅದು. ಒಳಗೆಲ್ಲೋ ಕೂತಿದ್ದು ಹೊರಗೆ ಬಂತು. ಅವರು 'ಅದೂ ಸರಿನೇ' ಅಂದ್ರು. ಮತ್ತೆ ಕೇಳ್ಲೇ ಇಲ್ಲ."

ಇದಕ್ಕಿಂತ ಚುಚ್ಚುವ ಸಂಗತಿ ಇನ್ನೊಂದಿದೆ. ಅಂಗಡಿಯ ಹಳೇ ತೊಟ್ಟಿಗಳಲ್ಲಿ ವರ್ಷಗಟ್ಟಲೆ ಪಳಗಿದ ಸ್ಪಂಜುಗಳಿವೆ. ಅಂಥದೊಂದನ್ನು ಒದ್ದೆಯಾಗಿಯೇ ತಂದು ಹೊಸ ತೊಟ್ಟಿಗೆ ಹಾಕಿದರೆ ಬೇಕಾದ ಜೀವಿಗಳು ಸಿದ್ಧವಾಗಿಯೇ ಬಂದ ಹಾಗೆ. ಅಂದೇ ನಾಲ್ಕಾರು ಸಣ್ಣ ಮೀನು ಬಿಡಬಹುದು. ಅವಸರದ ಗಿರಾಕಿಗಳಿಗೆ ಮೀನಕ್ಕನೇ ಹಾಗೆ ಮಾಡಿಕೊಟ್ಟದ್ದುಂಟು.

"ಹೊಳೀಲಿಲ್ಲ ಅಂದ್ರೆ ಸುಳ್ಳಾಗುತ್ತೆ. ದಿನಾ ಆ ಸ್ಪಂಜು ಹಿಂಡೋಳು ನಾನೇ ಅಲ್ವಾ? ಕೇಳಿದ್ರೆ ಮಾಲೀಕರು ಬೇಡ ಅಂತಿರ್ಲಿಲ್ಲ. ಆದ್ರೆ ಅವಸರ ಇರೋರಿಗೆ ತಾನೇ ಅದು? ಮನೆಗೆ ತಂದ್ರೆ ನಮ್ಮ ಮಾವನಿಗೂ ಟೈಮಿಲ್ಲ ಅಂತ ಒಪ್ಕೊಂಡ ಹಾಗೆ. ನಂಗೆ ಒಪ್ಕೊಳ್ಳೋಕೆ ಇಷ್ಟ ಇರ್ಲಿಲ್ಲ. ಜೊತೆಗೆ, ಅಷ್ಟು ದಿನ ಅವರು ನನ್ನ ಮುಖ ನೋಡಿ 'ನೀರು ಆಯ್ತಾಮ್ಮ' ಅಂತ ಕೇಳ್ತಾರಲ್ಲ, ಅದು... ಅದು ನಂಗೆ ಬೇಕಿತ್ತು."

ಒಂದು ಬೆಳಿಗ್ಗೆ ಮಾವನಿಗೆ ಉಸಿರೇ ಸಿಕ್ಕಲಿಲ್ಲ. ಆಸ್ಪತ್ರೆಗೆ ಸೇರಿಸಿದರು. ಮೀನಕ್ಕ ಮನೆಗೂ ಆಸ್ಪತ್ರೆಗೂ ಓಡಾಡುವ ನಡುವೆ ತೊಟ್ಟಿಯ ನೀರನ್ನು ಚಿಕ್ಕ ಸೀಸೆಗೆ ತೆಗೆದು, ಔಷಧದ ಹನಿ ಹಾಕಿ, ವಿಷ ಉಳಿದಿದೆಯೇ ಎಂದು ಬಣ್ಣ ನೋಡುತ್ತಿದ್ದರು. ಹದ ಬರುತ್ತಿತ್ತು, ಇನ್ನು ಕೆಲವೇ ದಿನ. ವಾರ್ಡಿನಲ್ಲಿ ಮಾವ ಮೂಗಿನ ಮೇಲಿನ ಮಾಸ್ಕ್ ಸರಿಸಿ ಮೊದಲು ಕೇಳುವುದೂ ಅದನ್ನೇ.

"ನೀರು ಹೇಗಿದೆ?"

"ಇನ್ನೇನು ಆಯ್ತು ಮಾವ. ನೀವು ಮನೆಗೆ ಬಂದ ದಿನವೇ ಬಿಡೋಣ. ಯಾವ ಬಣ್ಣದ್ದು ಬೇಕು?"

"ಬಣ್ಣ ಏನಾದ್ರೂ ಇರ್ಲಿ. ಗುಂಪಾಗಿ ಹೋಗ್ತಾವಲ್ಲ, ಒಂದು ತಿರುಗಿದ್ರೆ ಎಲ್ಲಾ ತಿರುಗ್ತಾವೆ, ಅಂಥವು. ಬಿಡೋವಾಗ ನನ್ನ ಕೈಯಲ್ಲೇ ಬಿಡಿಸ್ಬೇಕು ನೀನು."

"ಆಗ್ಲಿ ಮಾವ."

ಆ ದಿನ ಬರಲಿಲ್ಲ. ಮಾವ ಮನೆಗೆ ಬಂದದ್ದು ಬೇರೆ ರೀತಿಯಲ್ಲಿ. ನಡುಮನೆ ತುಂಬ ನೆಂಟರು. ದೂರದ ಸಂಬಂಧದ ಹೆಂಗಸೊಬ್ಬಳು ತೊಟ್ಟಿಯನ್ನು ನೋಡಿ, "ಅಯ್ಯೋ, ಮೀನೂ ಎಲ್ಲಾ ಸತ್ತೋದ್ವಾ?" ಎಂದಳು. ಮೀನಕ್ಕ ಒಳಗೆ ಹೋಗಿ ಪಾತ್ರೆ ತೊಳೆಯುತ್ತಾ ನಿಂತರು.

ಆಮೇಲೂ ತೊಟ್ಟಿ ಅಲ್ಲೇ ಇತ್ತು. ಮೀನಕ್ಕ ಅದರತ್ತ ನೋಡುತ್ತಿರಲಿಲ್ಲ, ತೆಗೆಯಲೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಯಾರೋ ಆಗಲೇ ಚಿಟಿಕೆ ಆಹಾರ ಹಾಕಿರುತ್ತಿದ್ದರು. ಗಂಡ. ಕೇಳಿದರೆ ಅವರು ಮುಖ ಬೇರೆಡೆ ತಿರುಗಿಸಿ, "ಅಪ್ಪ ಹಾಕ್ತಿದ್ರಲ್ಲ, ನಿಲ್ಸೋದು ಹೇಗೆ," ಎಂದರು. ಕೊನೆಗೆ ಅವರೇ, "ಮೀನು ಬಿಟ್ಬಿಡು ಮಾರಾಯ್ತಿ, ಮನೆಯೊಳಗೆ ಖಾಲಿ ನೀರು ನೋಡೋಕಾಗ್ತಿಲ್ಲ," ಎಂದ ಮೇಲೆ ಮೀನಕ್ಕ ಅಂಗಡಿಯಿಂದ ಗುಂಪಾಗಿ ಓಡಾಡುವ ಸಣ್ಣ ಮೀನುಗಳನ್ನು ತಂದರು. ಮೀನಿದ್ದ ಪ್ಲಾಸ್ಟಿಕ್ ಕವರನ್ನು ನೀರಿನ ಮೇಲೆ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಕವರಿಗೆ ಬೆರೆಸಿ, ಕವರಿನ ಬಾಯಿಯನ್ನು ಗಂಡನ ಕೈಗೆ ಕೊಟ್ಟರು.

ಆ ಮೀನುಗಳು ಹೇಗಿವೆ? "ಚೆನ್ನಾಗೇ ಇದಾವೆ. ಒಂದೂ ಸಾಯ್ಲಿಲ್ಲ, ನೀರು ಅಷ್ಟು ಹದವಾಗಿತ್ತು. ಅದೇ ಬೇಜಾರು ನೋಡಿ."

ಅಲ್ಲಿಂದೀಚೆಗೆ ಮೀನಕ್ಕ ಎರಡು ಪದ್ಧತಿ ಹಿಡಿದಿದ್ದಾರೆ. ತಮ್ಮ ಮನೆಯ ತೊಟ್ಟಿಯಲ್ಲಿ ಯಾವಾಗಲೂ ಒಂದೆರಡು ಸ್ಪಂಜು ಹೆಚ್ಚಿಗೆ ಪಳಗಿಸಿಡುತ್ತಾರೆ. ಹೊಸ ಮನೆಗೆ ಹೋದರೆ ತೊಟ್ಟಿ ಎಲ್ಲಿಡುತ್ತೀರಿ ಎಂದು ಮೊದಲು ಕೇಳುವುದಿಲ್ಲ, "ಯಾರು ನೋಡ್ತಾರೆ ಇದನ್ನ?" ಎಂದು ಕೇಳುತ್ತಾರೆ.

ಇವತ್ತು ಮಧ್ಯಾಹ್ನದ ಕೆಲಸ ಒಬ್ಬ ದರ್ಜಿಯ ಅಂಗಡಿಯಲ್ಲಿ. ಎರಡು ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಹ್ಯಾಂಗರಿನಲ್ಲಿ ತೂಗುವ ಅರೆಹೊಲಿದ ಅಂಗಿಗಳು. ದರ್ಜಿ ತೊಟ್ಟಿ ಆಗಲೇ ಕೊಂಡು ತಂದಿದ್ದಾರೆ, ಸಂಜೆಗೆ ಮೀನು ಬೇಕು ಎನ್ನುತ್ತಾರೆ. ಮೀನಕ್ಕ ಪ್ರಶ್ನೆ ಕೇಳುತ್ತಾರೆ. ದರ್ಜಿ ಟೇಪನ್ನು ಕೊರಳಿಂದ ತೆಗೆದು, ದನಿ ತಗ್ಗಿಸಿ, ಹಿಂದಿನ ಕುರ್ಚಿಯತ್ತ ಕಣ್ಣು ಹಾಯಿಸುತ್ತಾರೆ. ಅಲ್ಲಿ ಅವರ ತಾಯಿ ಕೂತಿದ್ದಾರೆ. ಬೆರಳಿನಿಂದ ತಡವಿ ತಡವಿ ಗುಂಡಿಗಳನ್ನು ದೊಡ್ಡವು ಒಂದು ಕಡೆ, ಚಿಕ್ಕವು ಒಂದು ಕಡೆ ಬೇರೆ ಮಾಡುತ್ತಿದ್ದಾರೆ.

"ಅಮ್ಮನಿಗೆ ಅಂತ. ಕಣ್ಣು ಮಂಜಾಗ್ತಾ ಬರ್ತಿದೆ. ಇನ್ನು ಎಷ್ಟು ದಿನ ಕಾಣುತ್ತೋ ಹೇಳೋಕಾಗಲ್ಲ ಅಂದಿದಾರೆ ಡಾಕ್ಟ್ರು."

ಮೀನಕ್ಕ ಮತ್ತೇನೂ ಕೇಳುವುದಿಲ್ಲ. ದರ್ಜಿಯ ಪೆಟ್ಟಿಗೆಯಿಂದ ಕಪ್ಪು ಬಟ್ಟೆಯ ತುಂಡೊಂದನ್ನು ಇಸಿದುಕೊಂಡು ತೊಟ್ಟಿಯ ಬೆನ್ನಿಗೆ ಅಂಟಿಸುತ್ತಾರೆ, ಕಪ್ಪಿನ ಮುಂದೆ ಬಣ್ಣ ಎದ್ದು ಕಾಣಲಿ ಎಂದು. ಕಲ್ಲು ತೊಳೆಯುತ್ತಾರೆ, ನೀರು ತುಂಬಿಸಿ, ನಲ್ಲಿನೀರಿನ ಕ್ಲೋರಿನ್ ಮುರಿಯುವ ಹನಿ ಹಾಕುತ್ತಾರೆ. ಆಮೇಲೆ ಸ್ಕೂಟರ್ ಹತ್ತಿ ಮನೆಗೆ ಹೋಗಿ, ದಾರಿಯಲ್ಲಿ ಅಂಗಡಿಗೂ ಹೊಕ್ಕು, ಡಬ್ಬಿಯೊಂದರಲ್ಲಿ ನೀರಿನೊಳಗೆ ಮುಳುಗಿಸಿಟ್ಟ ಸ್ಪಂಜು ಮತ್ತು ಕವರಿನಲ್ಲಿ ಕೆಲವು ಕಿತ್ತಳೆ ಬಣ್ಣದ ಸಣ್ಣ ಮೀನು ತರುತ್ತಾರೆ. ಕವರು ತೇಲಿಬಿಟ್ಟು ಕಾಯುವ ಹೊತ್ತಿನಲ್ಲಿ ದರ್ಜಿಗೆ ಒಂದೇ ಮಾತು ಒತ್ತಿ ಒತ್ತಿ ಹೇಳುತ್ತಾರೆ: ಇಷ್ಟೇ ಮೀನು, ಚಿಟಿಕೆಯಷ್ಟೇ ಊಟ, ಪ್ರೀತಿ ಹೆಚ್ಚಾಗಿ ಸುರಿಯಬೇಡಿ.

ತಾಯಿಯನ್ನು ಕುರ್ಚಿ ಸಮೇತ ಹತ್ತಿರ ಎಳೆದು ಕೂರಿಸಿದ್ದಾಯಿತು. ಅವರು ಮೂಗು ಗಾಜಿಗೆ ತಾಗುವಷ್ಟು ಮುಂದೆ ಬಾಗುತ್ತಾರೆ. ತಲೆಯನ್ನು ನಿಧಾನ ಅತ್ತಿತ್ತ ಸರಿಸಿ ಹುಡುಕುತ್ತಾರೆ. ಆಮೇಲೆ, "ಏ, ಕೆಂಪಗೆ ಏನೋ ಓಡ್ತು ಕಣೋ!" ಎನ್ನುತ್ತಾರೆ. ಕೈ ಮಗನ ತೋಳನ್ನು ತಡಕುತ್ತದೆ. "ಇನ್ನೊಂದೂ ಇದೆ! ಹೋಯ್ತು... ಇಗೋ ಬಂತು."

ದರ್ಜಿ ತಾಯಿಯ ಕೈಯನ್ನು ಒಮ್ಮೆ ತಟ್ಟಿ, ಯಂತ್ರದ ಮುಂದೆ ಹೋಗಿ ಕೂರುತ್ತಾರೆ. ಮೀನಕ್ಕ ಬಕೆಟ್ಟು ಎತ್ತಿಕೊಂಡು ಹೊರಗೆ ಬರುತ್ತಾರೆ.

ಬೀದಿಯಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುವಾಗ ಅವರ ಮುಖದಲ್ಲಿ ಗೆಲುವಿಲ್ಲ. "ಪುಣ್ಯದ ಕೆಲಸ ಮಾಡ್ದೆ ಅಂತಾರೆ ಎಲ್ರೂ. ನಂಗೆ ಹಾಗನ್ಸಲ್ಲ. ಪ್ರತಿಸಲನೂ ಇಷ್ಟು ಸುಲಭ ಇತ್ತಲ್ಲ ಅನ್ಸುತ್ತೆ. ಒಂದು ಮಧ್ಯಾಹ್ನದ ಕೆಲಸ."

ಮುಂದೇನು ಆಸೆ, ಸ್ವಂತ ಅಂಗಡಿಯೇ ಎಂದು ಕೇಳಿದರೆ ಕೈ ಆಡಿಸಿಬಿಡುತ್ತಾರೆ. ಸ್ಕೂಟರಿನ ಕೊಕ್ಕೆಗೆ ಬಕೆಟ್ಟು ಸಿಕ್ಕಿಸಿ, ಹತ್ತಿ ಕೂತು, ಮತ್ತೆ ಇಳಿದು ಬರುತ್ತಾರೆ.

"ಪೇಪರ್‌ಗೆ ಬರೀತೀರಲ್ಲ, ಒಂದು ಮಾತು ಹಾಕ್ತೀರಾ? ಮನೇಲಿ ಹಿರಿಯರು ಯಾರಾದ್ರೂ ಮೀನು ನೋಡ್ಬೇಕು ಅಂದ್ರೆ, ಆಮೇಲೆ ನೋಡೋಣ ಅನ್ಬೇಡಿ, ನನಗೆ ಹೇಳಿ ಕಳ್ಸಿ ಅಂತ. ನಾನು ಅವತ್ತೇ ಬರ್ತೀನಿ."